ಜೂನ್ ಒಂದಕ್ಕೆ ಹುಟ್ಟಿದ ಮುನಿರತ್ನ

ಯಡಿಯೂರಿನ ನಮ್ಮ ಬೀದಿಯಲ್ಲಿ ನಿಂತು, ನೀವು ಹುಟ್ಟಿದ ದಿನ ಯಾವುದು ಎಂದು ಕೇಳಿನೋಡಿ. ಹತ್ತರಲ್ಲಿ ಏಳು ಮಂದಿ ಜೂನ್ ಒಂದು ಅನ್ನುತ್ತಾರೆ. ಅವರ ಅಮ್ಮಂದಿರೆಲ್ಲ ಒಂದೇ ದಿನ ಹೆರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ನಾನು ಈ ಭಾಗದ ನರ್ಸು, ಗೋವಿಂದಮ್ಮ. ಇಪ್ಪತ್ತನಾಲ್ಕು ವರ್ಷದಿಂದ ಇಲ್ಲಿ ಹೆರಿಗೆ ಮಾಡಿಸುತ್ತಿದ್ದೇನೆ.

ಆಗುವುದು ಇಷ್ಟೆ. ಜೂನ್ ತಿಂಗಳಲ್ಲಿ ಸ್ಕೂಲು ಶುರುವಾಗುತ್ತದೆ. ಮಗುವನ್ನು ಮೇಷ್ಟರ ಮುಂದೆ ನಿಲ್ಲಿಸುತ್ತಾರೆ. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಅನ್ನುತ್ತಾರೆ. ಮುಟ್ಟಿದರೆ ಆರು ವರ್ಷ ಆಯಿತೆಂದು ಲೆಕ್ಕ. ತಾರೀಖು ಯಾರಿಗೂ ಗೊತ್ತಿಲ್ಲ, ಹಾಗಾಗಿ ಜೂನ್ ಒಂದು. ಬರೆದರು, ಮುಗಿಯಿತು.

ಚಿಕ್ಕಬೈರಪ್ಪನವರ ಮಗಳು ಮುನಿರತ್ನಳಿಗೆ ಕೈ ಉದ್ದ. ನಾಲ್ಕೂವರೆ ವರ್ಷಕ್ಕೇ ಕಿವಿ ಮುಟ್ಟಿಬಿಟ್ಟಳು. ಅವಳ ಅಜ್ಜಿ ತಿಮ್ಮಕ್ಕ ಅದನ್ನು ಬೀದಿಗೆಲ್ಲ ಹೇಳಿಕೊಂಡು ಮೆರೆದರು.

ಅವರದು ಹಿಂದೆ ಸೊಪ್ಪಿನ ತೋಟ ಮಾಡುತ್ತಿದ್ದ ಮನೆ. ಜಯನಗರ ಬಡಾವಣೆ ಬಂದು ತೋಟ ಹೋಯಿತು, ನಾಲ್ಕು ಬಾಡಿಗೆ ಮನೆ ಎದ್ದವು. ಹುಡುಗಿ ಮಾತ್ರ ಬಿಡದೆ ಓದಿದಳು. ಇಂಜಿನಿಯರಿಂಗ್ ಮುಗಿಸಿ ಒಂದು ಫ್ಯಾಕ್ಟರಿಯ ಕಂಪ್ಯೂಟರ್ ಕೋಣೆಯಲ್ಲಿ ಕೆಲಸಕ್ಕೆ ಸೇರಿದಳು. ಆ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಂತೆ, ಒಳಗೆ ಸದಾ ತಂಪಂತೆ.

"ಎಲ್ಲಾರೂ ಮಿಷನ್ ನೋಡ್ತಾರೆ ಗೋವಿಂದಕ್ಕ. ನಂಗೆ ನೆಲದ ಹಲಗೆ ಎತ್ತಿ ಕೆಳಗಿರೋ ತಂತಿ ನೋಡೋದೇ ಇಷ್ಟ" ಎಂದು ಒಮ್ಮೆ ಹೇಳಿದಳು. "ಇಂಗ್ಲೆಂಡಲ್ಲಿ ಒಂದೂರಿನ ಕಂಪ್ಯೂಟರ್‌ಗೂ ಇನ್ನೊಂದೂರಿನ ಕಂಪ್ಯೂಟರ್‌ಗೂ ಲೈನ್ ಎಳೆದು ಮಾತಾಡಿಸ್ತಾರೆ. ಆ ಲೈನು, ಕರೆಂಟು, ತಂಪು ಎಲ್ಲಾ ಹೆಂಗೆ ಕಟ್ಬೇಕು ಅಂತ ಕಲಿಸೋ ಕೋರ್ಸ್ ಇದೆ."

ಹಿಟ್ಟು ಜರಡಿ ಹಿಡಿಯುತ್ತಿದ್ದ ತಿಮ್ಮಕ್ಕ ತಲೆಯೆತ್ತಿದರು. "ಕೆರೆ ನೀರ್ಗೆ ಕಾಲುವೆ ತೋಡ್ದಂಗೇನೆ?"

"ಹೂಂ ಅಜ್ಜಿ, ಹಂಗೇ."

"ಹಂಗಂದ್ರೆ ಅದು ನಮ್ಮ ಕೆಲ್ಸಾನೇ. ಹೋಗ್ಬಾ."

ಆ ಕೋರ್ಸ್ ನಡೆಸುವ ಕಾಲೇಜಿನವರು ಅಂಚೆಯಲ್ಲಿ ಕಳಿಸಿದ ಪುಸ್ತಕಕ್ಕೆ ಅವಳು ಹಳೇ ಕ್ಯಾಲೆಂಡರಿನ ಹಾಳೆಯಿಂದ ಹೊದಿಕೆ ಹಾಕಿದ್ದಳು. ಅದರಲ್ಲಿನ ಕಟ್ಟಡಗಳ ಹೆಸರೆಲ್ಲ ಬಾಯಿಪಾಠ. ಏಪ್ರಿಲ್ ಬಿಸಿಲಲ್ಲಿ ಜಗಲಿಯ ಮೇಲೆ ಕೂತು ಉಲ್ಲನ್ ಸ್ವೆಟರ್ ಹೆಣೆಯುತ್ತಿದ್ದಳು. "ಸೆಕೆಗೆ ತಲೆ ಕೆಟ್ಟಿದೆಯೇನೇ" ಎಂದು ನಾನೇ ರೇಗಿಸುತ್ತಿದ್ದೆ. ನಗುತ್ತಿದ್ದಳೇ ಹೊರತು ಕಡ್ಡಿ ನಿಲ್ಲಿಸುತ್ತಿರಲಿಲ್ಲ.

ಸೀಟು ಸಿಕ್ಕಿತು. ಖರ್ಚನ್ನು ಅಲ್ಲಿನ ಒಂದು ಟ್ರಸ್ಟು ಕೊಡಬೇಕಿತ್ತು. ಅದಕ್ಕೊಂದು ನಿಯಮ, ಸೆಪ್ಟೆಂಬರ್ ಒಂದಕ್ಕೆ ಇಪ್ಪತ್ತೈದು ತುಂಬಿರಬಾರದು. ಅವಳ ನಿಜವಾದ ವಯಸ್ಸು ಇಪ್ಪತ್ತಮೂರು. ಸ್ಕೂಲಿನ ಕಾಗದದ ಪ್ರಕಾರ ಇಪ್ಪತ್ತೈದು ದಾಟಿ ಮೂರು ತಿಂಗಳು!

ಕಾಗದ ಹಿಡಿದುಕೊಂಡು ನನ್ನ ಮನೆಗೇ ಓಡಿ ಬಂದಳು.

"ಗೋವಿಂದಕ್ಕ, ನನ್ ಹೆರಿಗೆ ಮಾಡ್ಸಿದ್ದು ನೀವೇ ಅಲ್ವಾ? ಎಲ್ಲಾದ್ರೂ ಬರೆದಿರ್ತೀರಲ್ಲ. ಅದರದ್ದೊಂದು ಸರ್ಟಿಫಿಕೇಟ್ ಸಿಕ್ಕಿದ್ರೆ ಸಾಕು."

ನಾನು ಬರೆದಿರಲಿಲ್ಲ.

ಅದು ಅರವತ್ತೆರಡನೇ ಇಸವಿ. ನಾನು ಕೆಲಸಕ್ಕೆ ಹೊಸಬಳು. ಸಂಕ್ರಾಂತಿಯ ಮಾರನೇ ದಿನ, ಮನೆ ತುಂಬ ಅವರೆಕಾಯಿಯ ಸೊಗಡು. ಮಗುವನ್ನು ತೊಳೆದು ಮಲಗಿಸಿ ನಾನು ಹೆರಿಗೆ ಪುಸ್ತಕ ತೆರೆದೆ. ಅದರಲ್ಲಿ ಬರೆದದ್ದೇ ಜನನ ನೋಂದಣಿ ಆಫೀಸಿಗೆ ಹೋಗುತ್ತಿತ್ತು. ತಿಮ್ಮಕ್ಕ ನನ್ನ ಕೈ ಹಿಡಿದುಕೊಂಡರು. "ಬರೆಸಿದ್ದೆರಡೂ ಹೋದ್ವು ಕಣಮ್ಮ. ಇದನ್ನ ಬರೀಬ್ಯಾಡ. ಯಮನ ಕಣ್ಣಿಗೆ ಬೀಳೋದು ಬ್ಯಾಡ" ಎಂದು ಅತ್ತುಬಿಟ್ಟರು. ಆ ಮನೆಯಲ್ಲಿ ಮೊದಲಿನ ಎರಡು ಕೂಸುಗಳು ವರ್ಷ ತುಂಬುವ ಮುಂಚೆ ತೀರಿಕೊಂಡಿದ್ದವು. ನನಗೆ ಅಯ್ಯೋ ಅನ್ನಿಸಿತು. ಪುಸ್ತಕ ಮುಚ್ಚಿದೆ. ಬರೆಯುವುದು ನನ್ನ ಕೆಲಸವಾಗಿತ್ತು, ಮಾಡಲಿಲ್ಲ. ಇದನ್ನು ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದೆ, ಅವತ್ತು ಮುನಿರತ್ನಳಿಗೆ ಹೇಳಿದೆ, ಈಗ ನಿಮಗೆ ಹೇಳುತ್ತಿದ್ದೇನೆ.

ಟ್ರಸ್ಟಿಗೆ ಕಾಗದ ಬರೆದೆವು. ನರ್ಸಿನ ಮಾತು ಸಾಲದು, ಜನನ ಪ್ರಮಾಣಪತ್ರವೇ ಬೇಕು ಎಂದು ಮರ್ಯಾದೆಯಾಗಿಯೇ ಉತ್ತರ ಬಂತು.

ಸೆಪ್ಟೆಂಬರೂ ಬಂತು. ಅವಳು ಎಂದಿನಂತೆ ಬಸ್ಸು ಹತ್ತಿ ಕೆಲಸಕ್ಕೆ ಹೋದಳು. ಸ್ವೆಟರ್ ಒಂದು ತೋಳಿಗೆ ನಿಂತಿತ್ತು. ಭಾನುವಾರ ನಮ್ಮ ಮನೆಗೆ ಬಂದರೆ ಮಧ್ಯಾಹ್ನ ಮೂರೂವರೆಗೆ ಗಡಿಯಾರ ನೋಡುತ್ತಿದ್ದಳು. "ಅಲ್ಲೀಗ ಹನ್ನೊಂದು ಗಂಟೆ" ಅನ್ನುತ್ತಿದ್ದಳು. ಅಷ್ಟೇ. ನಾನು ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸುತ್ತಿದ್ದೆ. ಅವಳು ನನ್ನನ್ನು ಬೈದಿದ್ದರೂ ವಾಸಿಯಾಗಿತ್ತು.

ಅಕ್ಟೋಬರಿನಲ್ಲಿ ಅವಳ ತಂಗಿ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಮಗು, ಗುಂಡುಗುಂಡಾಗಿತ್ತು. ನಾನು ಕೈ ತೊಳೆದು ಬಂದು ಪುಸ್ತಕ ತೆರೆದೆ.

"ಗೋವಿಂದಮ್ಮ, ಮುಚ್ಚು ಅದನ್ನ" ಎಂದರು ತಿಮ್ಮಕ್ಕ. "ರತ್ನಿನ ಬರೆಸ್ಲಿಲ್ಲ, ಉಳ್ಕಂಡ್ಲು."

"ತಿಮ್ಮಕ್ಕ, ಆ ಎರಡು ಕೂಸು ಹೋಗಿದ್ದು ವಾಂತಿಭೇದಿಗೆ. ಆಗ ನೀವು ಕೆರೆ ನೀರು ಹಂಗೇ ಕುಡೀತಿದ್ರಿ. ರತ್ನಿ ಹುಟ್ಟೋ ಹೊತ್ಗೆ ಬೀದಿಗೆ ನಲ್ಲಿ ಬಂದಿತ್ತು. ನಾನೂ ದಿನಾ ಬಂದು ನೀರು ಕಾಯ್ಸಿ ಅಂತ ತಲೆ ತಿಂತಿದ್ದೆ. ಉಳಿದಿದ್ದು ಅದಕ್ಕೆ."

"ನಿಂಗೇನು ಗೊತ್ತು, ಹೆತ್ತೋರ ಸಂಕಟ."

"ಹೆಸರು ಬರೆಸೋದು ಹೆದರಿಕೆ ಆದ್ರೆ ಈಗ ಬ್ಯಾಡ. ಹೆಣ್ಣು ಮಗು, ಇಂಥ ತಾರೀಖು, ಇಂಥ ಅಪ್ಪ ಅಮ್ಮ, ಜಯನಗರದ ಆಫೀಸಲ್ಲಿ ಇಷ್ಟು ಬರೆಸಿದ್ರೆ ಸಾಕು. ಹೆಸರು ಆಮೇಲೆ ಸೇರಿಸ್ಬೋದು."

ತಿಮ್ಮಕ್ಕ ಗೋಡೆಯ ಕಡೆ ಮುಖ ತಿರುಗಿಸಿದರು. ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ ಮುನಿರತ್ನ ಬಂದು ಅಜ್ಜಿಯ ಪಕ್ಕ ಕೂತಳು.

"ಅಜ್ಜಿ, ನೀನು ನನ್ ಮೇಲಿನ ಪ್ರೀತಿಗೇ ಹಂಗ್ ಮಾಡ್ದೆ, ನಂಗೊತ್ತು. ಆದ್ರೆ ನಂಗೆ ಹೋಗ್ಬೇಕಿತ್ತು ಅಜ್ಜಿ. ತುಂಬಾ ಹೋಗ್ಬೇಕಿತ್ತು."

ಆ ಹುಡುಗಿ ಅತ್ತದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಅಜ್ಜಿ ಮೊಮ್ಮಗಳ ತಲೆ ಸವರುತ್ತ ಕೂತರು. ಆಮೇಲೆ ನನ್ನ ಕಡೆ ತಿರುಗಿ, "ಆ ಆಪೀಸು ಎಷ್ಟೊತ್ತಿಗೆ ತೆಗೀತಾರೆ?" ಎಂದರು.

ಮರುದಿನ ಬೆಳಗ್ಗೆ ನಾನೂ ತಿಮ್ಮಕ್ಕನೂ ಜಯನಗರಕ್ಕೆ ನಡೆದುಕೊಂಡೇ ಹೋದೆವು. ಜನನ ನೋಂದಣಿಯ ಗುಮಾಸ್ತ ಸೋಮಲಿಂಗಪ್ಪ ರಿಜಿಸ್ಟರ್ ಬಿಚ್ಚಿದರು. ತಾರೀಖು, ಅಪ್ಪ, ಅಮ್ಮ ಎಲ್ಲ ಬರೆದುಕೊಂಡು, "ಹೆಸರು ಆಮೇಲೆ ಸೇರಿಸ್ತೀರಾ?" ಎಂದು ಕೇಳಿದರು. ನಾನು ಹೂಂ ಅನ್ನುವಷ್ಟರಲ್ಲಿ ತಿಮ್ಮಕ್ಕ, "ಮುನಿಲಕ್ಷ್ಮಿ. ಈಗ್ಲೇ ಬರ್ಕೊಳಪ್ಪ" ಎಂದರು.

ಸೋಮಲಿಂಗಪ್ಪ ಚೀಟಿ ಕೊಟ್ಟರು. ತಿಮ್ಮಕ್ಕ ಕೌಂಟರ್ ಬಿಟ್ಟು ಕದಲಲಿಲ್ಲ.

"ಇನ್ನೊಂದು ಮಗೀದೂ ಬರೀಬೇಕು."

"ಹೇಳಿ ಅಜ್ಜಿ."

"ಹೆಣ್ಣು ಮಗೀನೇ. ಸಂಕ್ರಾಂತಿ ಮಾರ್ನೇ ದಿನ, ಹೊತ್ತು ಮುಳುಗ್ತಾ ಇತ್ತು. ಮುನಿರತ್ನ."

"ಈಗ ಎಷ್ಟು ತಿಂಗಳು?"

"ಇಪ್ಪತ್ಮೂರು ವರ್ಷ."

ಸೋಮಲಿಂಗಪ್ಪ ಪೆನ್ನು ಕೆಳಗಿಟ್ಟರು. ಗದರಲಿಲ್ಲ, ಪುಣ್ಯಾತ್ಮ. "ಅಜ್ಜಿ, ವರ್ಷ ದಾಟಿದ್ರೆ ನಮ್ ಕೈಲಿಲ್ಲ. ಮ್ಯಾಜಿಸ್ಟ್ರೇಟ್ ಹತ್ರ ಆರ್ಡರ್ ತರ್ಬೇಕು. ಸ್ಕೂಲಿನ ತಾರೀಖು ತಿದ್ಸೋಕೂ ಕೋರ್ಟಿಗೇ ಹೋಗ್ಬೇಕು" ಎಂದರು.

"ಆಗ ಎಷ್ಟೊತ್ತು ಹಿಡೀತಿತ್ತಪ್ಪ, ಬರೆಸೋಕೆ?"

"ಈಗ ಬರೆದ್ನಲ್ಲ ಅಜ್ಜಿ, ಅಷ್ಟೇ."

ತಿಮ್ಮಕ್ಕ ಆ ರಿಜಿಸ್ಟರಿನ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತರು. ಹಿಂದಿದ್ದವರು ಬೇಗ ಬೇಗ ಅನ್ನುತ್ತಿದ್ದರು.

ಈಗ ಕೋರ್ಟಿಗೆ ಅರ್ಜಿ ಹಾಕಿದ್ದೇವೆ. ಸಾಕ್ಷಿ ಹೇಳುವವಳು ನಾನೇ. ನಿಜವಾದ ತಾರೀಖಿನ ಪ್ರಕಾರ ಬರುವ ಸೆಪ್ಟೆಂಬರಿಗೂ ಮುನಿರತ್ನಳಿಗೆ ಇಪ್ಪತ್ತೈದು ತುಂಬುವುದಿಲ್ಲ. ಅದೇ ಕಡೆಯ ಅವಕಾಶ. ಅಷ್ಟರೊಳಗೆ ಆರ್ಡರ್ ಸಿಗುತ್ತದೋ ಇಲ್ಲವೋ ಯಾರೂ ಹೇಳಲಾರರು. ಅವಳು ಸ್ವೆಟರನ್ನು ಬಿಚ್ಚಿಲ್ಲ, ಮುಂದಕ್ಕೆ ಹೆಣೆದೂ ಇಲ್ಲ.

ಅಮ್ಮಂದಿರೇ, ಅಜ್ಜಿಯರೇ, ನಿಮ್ಮ ಮನೆಯ ಕೂಸು ನಾಳೆ ಎಲ್ಲಿಗೆ ಹೋಗಲು ಆಸೆಪಡುತ್ತದೋ ಇವತ್ತು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬಾಣಂತಿಗೆ ಹನ್ನೊಂದನೇ ದಿನದ ನೀರು ಹಾಕುವ ಮುಂಚೆ ಹೋಗಿ ಮಗುವಿನ ಹುಟ್ಟನ್ನು ಬರೆಸಿ. ಹೆಸರು ಇಡದಿದ್ದರೂ ಬರೆಸಿ. ಪ್ರಮಾಣಪತ್ರವನ್ನು ಟ್ರಂಕಿನಲ್ಲಿಟ್ಟು, ಸ್ಕೂಲಿಗೆ ಸೇರಿಸುವ ದಿನ ಕೈಯಲ್ಲಿ ಹಿಡಿದುಕೊಂಡು ಹೋಗಿ. ಹೆದರಿಕೆಯಾದರೆ ನನ್ನನ್ನು ಕರೆಯಿರಿ, ಜೊತೆಗೆ ಬರುತ್ತೇನೆ. ಆದರೆ ಪುಸ್ತಕ ಮುಚ್ಚು ಅಂತ ಮಾತ್ರ ಹೇಳಬೇಡಿ. ಒಂದು ಸಲ ಮುಚ್ಚಿದ್ದೇನೆ, ಇನ್ನು ಮುಚ್ಚುವುದಿಲ್ಲ.