ಅಳಿಯ ಕೊಟ್ಟ ಕಿಡಿ

"ಮತ್ತೆ ಯಾಕ್ರೀ ಎಡಕ್ಕೆ ತಿರುಗಿಸಿದ್ರಿ?" ಎಂದು ಹೆಂಡತಿ ಕೇಳುವ ಹೊತ್ತಿಗೆ ಕಾರು ಆಗಲೇ ಮಾರುಕಟ್ಟೆಯ ಬೀದಿಗೆ ಹೊರಳಿತ್ತು. ಡ್ರೈವರಪ್ಪ ಹಿಂದೆ ಬರುವ ಗಾಡಿಗಳನ್ನು ನೋಡುವವನಂತೆ ಕನ್ನಡಿಯ ಮೇಲೆ ಕಣ್ಣಿಟ್ಟ. ಕನ್ನಡಿಯಲ್ಲಿ ಯಾವ ಗಾಡಿಯೂ ಇರಲಿಲ್ಲ. ಬಲಕ್ಕೆ ಹೋಗಬೇಕಾಗಿದ್ದ ಏರು ರಸ್ತೆಯೊಂದೇ ಸಣ್ಣದಾಗುತ್ತಾ ಹಿಂದೆ ಸರಿಯುತ್ತಿತ್ತು. ಆ ಏರಿನ ನೆತ್ತಿಯಲ್ಲಿ, ಬಾಲ್ಕನಿಗೆ ಹಸಿರು ಕಂಬಿ ಹಾಕಿಸಿದ ಮನೆಯಲ್ಲಿ ಅವಳ ಅಕ್ಕ ಇದ್ದಳು. ಭಾನುವಾರ ಬಂತೆಂದರೆ ಅಲ್ಲಿಗೆ ಹೋಗಿ ಊಟ ಮಾಡಿ ಬರುವುದು ಬಹಳ ಕಾಲದ ರೂಢಿ.

"ಮಾರ್ಕೆಟ್ಟಲ್ಲಿ ಸ್ವಲ್ಪ ಕೆಲಸ ಇದೆ."

"ಹೋದ ವಾರವೂ ಇದೇ ಕೆಲಸ ಇತ್ತು. ಭಾನುವಾರ ಮುಚ್ಚಿರೋ ಮಾರ್ಕೆಟ್ಟಲ್ಲಿ ನಿಮಗೇನು ಕೆಲಸ, ಇಲಿ ಹಿಡಿಯೋದಾ?"

ಡ್ರೈವರಪ್ಪನಿಗೆ ಈ ಹೆಸರು ಬೀದಿಯವರು ಇಟ್ಟದ್ದು. ಜೀವಮಾನವೆಲ್ಲ ಬಸ್ಸು ಓಡಿಸಿದ ಮನುಷ್ಯ. ನಿಂತ ಬಸ್ಸನ್ನು ಎಬ್ಬಿಸುವಾಗ ಒಳಗೆ ಮಲಗಿದ ಕೂಸು ಎಚ್ಚರಗೊಳ್ಳಬಾರದು ಎಂಬುದು ಅವನ ಲೆಕ್ಕ. ಕೆಲಸದಿಂದ ನಿವೃತ್ತನಾದ ಮೇಲೆ ಹಳೆಯ ಬಿಳಿ ಕಾರೊಂದನ್ನು ಮನೆಗೆ ತಂದು, ಮಗಳಿಗಿಂತ ಹೆಚ್ಚು ಮುದ್ದಿನಿಂದ ಇಟ್ಟುಕೊಂಡಿದ್ದ. ಮಗಳೇ ಹಾಗೆ ಹೇಳುತ್ತಿದ್ದಳು.

ಮಗಳ ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವ ಕೆಲಸದವನು. ಕಣ್ಣಿನ ಕೆಲಸ ಹೊಟ್ಟೆಗಾದರೆ ಇಂಜಿನ್ನು ಅವನ ಮನಸ್ಸಿಗೆ. ಕಳೆದ ಸಲ ಬಂದಾಗ ಮಾವನಿಗೆ ಉಡುಗೊರೆಯೆಂದು ಕಾರಿನ ಕಿಡಿಯ ಸರಂಜಾಮನ್ನೆಲ್ಲ ಹೊಸದು ಮಾಡಿದ್ದ. ಹೆಚ್ಚು ಜೋರಾಗಿ ಕಿಡಿ ಹಾರಿಸುವ ಕಾಯಿಲು, ಬೆರಳು ದಪ್ಪದ ಕೆಂಪು ವೈರು. ಪ್ಲಗ್ಗುಗಳಿಗೆ ಸರದಿಯಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ಕಿಡಿಯ ಹೊತ್ತು ಗೊತ್ತುಮಾಡುವ ಹಳೆಯ ಲೋಹದ ಪಾಯಿಂಟು ತೆಗೆದು, ಅದರ ಜಾಗಕ್ಕೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಎಲೆಕ್ಟ್ರಾನಿಕ್ ಬಿಲ್ಲೆ. "ಇನ್ನು ಪಾಯಿಂಟು ಉಜ್ಜೋ ಗೋಜೇ ಇಲ್ಲ ಮಾವ," ಎಂದು ಕೈ ಒರೆಸಿಕೊಂಡಾಗ ಅವನ ಮುಖದಲ್ಲಿ ಎಂಥ ಬೆಳಕಿತ್ತೆಂದರೆ, ಡ್ರೈವರಪ್ಪ ಬೀದಿಯವರನ್ನೆಲ್ಲ ಕರೆದು ಬಾನೆಟ್ಟು ತೆಗೆದು ತೋರಿಸಿದ್ದ.

ಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಅಳಿಯ ಊರಿಗೆ ಹೊರಡುವ ಹೊತ್ತಿಗೆ ಕಾರು ತಡವರಿಸತೊಡಗಿತು. ಸಮತಟ್ಟಿನಲ್ಲಿ ತೊಂದರೆಯಿಲ್ಲ. ಏರಿನಲ್ಲಿ ಕಾಲು ಒತ್ತಿದರೆ ಮಾತ್ರ ಇಂಜಿನ್ನು ಏನನ್ನೋ ನುಂಗಿದಂತೆ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಎಗರಿ ಓಡುವುದು. ಒಂದು ದಿನ ಒಬ್ಬನೇ ಅಕ್ಕನ ಮನೆಯ ಆ ಏರು ರಸ್ತೆ ಹತ್ತುವಾಗ ನಡುವೆ ನಿಂತೇ ಹೋಯಿತು. ಬ್ರೇಕು ಹಿಡಿಯುವಷ್ಟರಲ್ಲಿ ಕಾರು ಹಿಂದಕ್ಕೆ ಜಾರಿ, ಹಣ್ಣಿನ ತಳ್ಳುಗಾಡಿಯವನ ಮೊಣಕಾಲಿಗೆ ಮುಟ್ಟಿ ನಿಂತಿತು. ಅವನಿಗೇನೂ ಆಗಲಿಲ್ಲ. "ಹೊಸದಾಗಿ ಕಲೀತಿದೀರಾ ಯಜಮಾನ್ರೇ?" ಎಂದಷ್ಟೇ ಕೇಳಿದ. ಆ ಮಾತು ಡ್ರೈವರಪ್ಪನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಅವತ್ತಿನಿಂದ ಅವನು ಏರಿನ ಕಡೆ ತಲೆಹಾಕಲಿಲ್ಲ. ಹೆಂಡತಿಗೂ ಹೇಳಲಿಲ್ಲ.

ಮೂಲೆಯ ಗ್ಯಾರೇಜಿನವನು ಪ್ಲಗ್ಗು ನೋಡಿದ, ಕಾರ್ಬೊರೇಟರು ತೊಳೆದ, ಕೊನೆಗೆ "ಇದನ್ನೆಲ್ಲ ಕಿತ್ತು ಹಳೇದೇ ಹಾಕ್ಬಿಡ್ಲಾ?" ಎಂದ.

"ಬೇಡಪ್ಪ. ಅಳಿಯ ಕೊಟ್ಟಿದ್ದು."

"ಅಳಿಯ ಕೊಟ್ಟಿದ್ದು ಅಂತ ಇಂಜಿನ್ನಿಗೆ ಗೊತ್ತಾಗುತ್ತಾ?"

ಇಂಜಿನ್ನಿಗೆ ಗೊತ್ತಾಗದಿದ್ದರೂ ಅಳಿಯನಿಗೆ ಗೊತ್ತಾಗುತ್ತದಲ್ಲ. ಪ್ರೀತಿಯಿಂದ ಬಡಿಸಿದ್ದನ್ನು ಉಪ್ಪು ಹೆಚ್ಚಾಯಿತೆಂದು ಎಲೆಯ ಅಂಚಿಗೆ ತಳ್ಳುವುದು ಹೇಗೆ? ಫೋನು ಮಾಡಿದಾಗಲೆಲ್ಲ ಅಳಿಯ ಕೇಳುತ್ತಿದ್ದ, ಇವನು ಹೊಗಳುತ್ತಿದ್ದ. ಕೆಲವು ಮಾತು ಹಾಗೆಯೇ. ಹುಟ್ಟಿದ ದಿನವೇ ಆಡಿದರೆ ಹಗುರ, ಇಟ್ಟುಕೊಂಡಷ್ಟೂ ಭಾರ.

ಮಾರ್ಕೆಟ್ಟು ಸುತ್ತಿ ಬಂದ ಆ ಭಾನುವಾರ ಸಂಜೆ ಅಕ್ಕನ ಫೋನು ಬಂತು. ಹೆಂಡತಿ ಬಹಳ ಹೊತ್ತು ಹೂಂಗುಟ್ಟಿ, ಫೋನು ಇಟ್ಟು ಬಂದು ಗಂಡನ ಎದುರು ಕೂತಳು.

"ನಾವು ಮುನಿಸಿಕೊಂಡಿದೀವಿ ಅಂತ ಅವಳ ಲೆಕ್ಕ. ನಿಮ್ಮ ಬೋಳುತಲೆ ಬಗ್ಗೆ ಏನೋ ತಮಾಷೆ ಮಾಡಿದ್ದಳಂತಲ್ಲ, ಅದಕ್ಕೇ ಬರ್ತಿಲ್ಲ ಅಂದ್ಕೊಂಡಿದಾಳೆ. ಮುಂದಿನ ಭಾನುವಾರ ನಾವು ಹೋಗದಿದ್ರೆ ತಾನೇ ನಡ್ಕೊಂಡು ಇಳಿದು ಬರ್ತಾಳಂತೆ, ತಪ್ಪಾಯ್ತು ಅನ್ನೋಕೆ. ಆ ಮಂಡಿ ಇಟ್ಕೊಂಡು!"

"ನೀನು ಆಟೋದಲ್ಲಿ ಹೋಗಿ ಬಾ."

"ಆಟೋದಲ್ಲಿ ಹೋದ್ರೆ ಕಾರು ಎಲ್ಲಿ ಅಂತಾಳೆ. ಕೆಟ್ಟಿದೆ ಅಂದ್ರೆ ಮಗಳಿಗೆ ಹೇಳ್ತಾಳೆ. ಅವಳ ಬಾಯಿಗೆ ಬಿದ್ದ ಸುದ್ದಿ ಊರು ಸುತ್ತಿ ಬರುತ್ತೆ." ಹೇಳುತ್ತಾ ಹೇಳುತ್ತಾ ಅವಳ ಕಣ್ಣು ಕಿರಿದಾಯಿತು. "ನಿಲ್ಲಿ. ಕಾರು ಕೆಟ್ಟಿದೆಯಾ?"

ಗಂಡ ಎಲ್ಲವನ್ನೂ ಹೇಳಿದ. ತಳ್ಳುಗಾಡಿಯವನ ಮಾತನ್ನೂ ಹೇಳಿದ. ಅವಳು ನಗಲಿಲ್ಲ. ಆ ಮಾತಿನ ಪೆಟ್ಟು ಅವಳಿಗೆ ಗೊತ್ತಾಯಿತು.

"ಕಾರಿಗೂ ನಿಮಗೂ ಒಂದೇ ರೋಗ," ಎಂದಳು. "ಮುಂದೆ ಹೋಗಬೇಕಾದಾಗಲೇ ಗಂಟಲು ಕಟ್ಟುತ್ತೆ. ಅಳಿಯಂದಿರಿಗೆ ಬರೋಕೆ ಹೇಳ್ತೀನಿ."

"ಅವರಿಗೆ ಏನೂ ಅನ್ನಬೇಡ. ಬೇಜಾರು ಮಾಡ್ಕೊಂಡಾರು."

"ಬನ್ನಿ ಅಂತ ಮಾತ್ರ ಅಂತೀನಿ."

ಶನಿವಾರ ಸಂಜೆ ಮಗಳು ಅಳಿಯ ಬಂದರು. ಊಟಕ್ಕೆ ಕೂತಾಗ ಅಳಿಯ ಎಂದಿನಂತೆ, "ಕಾರು ಹೇಗಿದೆ ಮಾವ?" ಎಂದ.

"ಬೆಣ್ಣೆ, ಅಳಿಯಂದ್ರೇ. ಬೆಣ್ಣೆ ಜಾರಿದ ಹಾಗೆ."

"ಜಾರುತ್ತೆ, ಹೌದು," ಎಂದು ಅತ್ತೆ ಸಾರಿನ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. "ಹಿಂದಕ್ಕೆ ಜಾರುತ್ತೆ. ನಮ್ಮಕ್ಕನ ಮುಖ ನೋಡಿ ಎಷ್ಟು ದಿನ ಆಯ್ತು ಕೇಳಿ ನಿಮ್ಮ ಮಾವನ್ನ."

ಅಳಿಯನ ಕೈ ತಟ್ಟೆಯ ಮೇಲೆ ನಿಂತಿತು. ಕಿವಿ ಕೆಂಪಾಯಿತು. ಡ್ರೈವರಪ್ಪ ಹೆಂಡತಿಯನ್ನು ಸುಟ್ಟುಬಿಡುವಂತೆ ನೋಡಿದ.

"ನನಗೆ ಗೊತ್ತಿತ್ತು ಅತ್ತೆ," ಎಂದ ಅಳಿಯ, ತಟ್ಟೆಗೇ ಹೇಳುವಂತೆ. "ಹೋದ ಸಲ ಸ್ಟೇಷನ್ನಿಗೆ ನಾನೇ ಓಡಿಸಿದ್ನಲ್ಲ, ಆ ಸೇತುವೆ ಹತ್ತುವಾಗ ಒಂದ್ಸಲ ಮುಗ್ಗರಿಸ್ತು. ಇನ್ನೊಂದು ದಿನ ಇದ್ದು ನೋಡೋಣ ಅನ್ನಿಸ್ತು. ಮಾವ ಸ್ಟೇಷನ್ನಿನ ಕೂಲಿಗಳಿಗೂ ಬಾನೆಟ್ಟು ತೆಗೆದು ತೋರಿಸ್ತಿದ್ರು. ಹೇಗೆ ಹೇಳೋದು?"

ಮಗಳು ಅಪ್ಪನನ್ನು ನೋಡಿದಳು, ಗಂಡನನ್ನು ನೋಡಿದಳು. "ಇಬ್ಬರೂ ಸೇರ್ಕೊಂಡು ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟೂ ಕೊಟ್ಟೂ ಆ ಬಡಪಾಯಿ ಕಾರನ್ನ ಸಾಯಿಸ್ತಿದ್ರಿ ಅನ್ನಿ," ಎಂದಳು. ಮೊದಲು ನಕ್ಕವನು ಡ್ರೈವರಪ್ಪನೇ. ಅನ್ನ ನೆತ್ತಿಗೇರಿ, ಹೆಂಡತಿ ತಲೆ ತಟ್ಟಬೇಕಾಯಿತು.

ಬೆಳಿಗ್ಗೆ ಅಂಗಳದಲ್ಲಿ ಕಾರಿನ ಬಾನೆಟ್ಟು ಎತ್ತಿ ನಾಲ್ವರೂ ಸುತ್ತ ನಿಂತರು. ಇಂಜಿನ್ನು ನಿಂತಲ್ಲಿ ಗುಬ್ಬಚ್ಚಿಯಂತೆ ಸಣ್ಣಗೆ ಓಡುತ್ತಿತ್ತು, ಕುಂದಿಲ್ಲ ಕೊರತೆಯಿಲ್ಲ. ಅಳಿಯ ಡಿಸ್ಟ್ರಿಬ್ಯೂಟರಿನ ಪಕ್ಕದ ಸಣ್ಣ ರಬ್ಬರು ಕೊಳವೆಯನ್ನು ಬೆರಳಿನಿಂದ ತೋರಿಸಿದ. ಕಾಲು ಒತ್ತಿದಾಗ ಇಂಜಿನ್ನು ಈ ಕೊಳವೆಯಿಂದ ಗಾಳಿ ಎಳೆಯುತ್ತದೆ; ಆ ಎಳೆತಕ್ಕೆ ಒಳಗೆ ಒಂದು ತಟ್ಟೆ ತುಸು ತಿರುಗಿ ಕಿಡಿ ಸ್ವಲ್ಪ ಮುಂಚೆ ಬೀಳುತ್ತದೆ. ನಿಂತಲ್ಲಿ ಸರಿಯಿದ್ದು ಕಾಲು ಒತ್ತಿದಾಗ ಮಾತ್ರ ತಡವರಿಸುವುದಾದರೆ ಆ ತಟ್ಟೆಯ ಕಡೆ ನೋಡಬೇಕು, ಎಂದ.

"ಇದರ ತುದಿ ಬಿಚ್ಚಿದೀನಿ, ಯಾರಾದ್ರೂ ಬಾಯಲ್ಲಿ ಗಾಳಿ ಎಳೀಬೇಕು. ನಾನು ಇಲ್ಲಿ ಕೈಯಿಟ್ಟಿರ್ತೀನಿ, ಮಾವ ಸೀಟಲ್ಲಿರ್ಲಿ."

ಮಗಳು ಕೊಳವೆ ಮೂಸಿ, "ಪೆಟ್ರೋಲು ವಾಸನೆ, ನನ್ನಿಂದಾಗಲ್ಲ," ಎಂದು ಹಿಂದೆ ಸರಿದಳು.

"ಕೊಡಿ ಇಲ್ಲಿ," ಎಂದು ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಸೋಡಾ ಕುಡಿಯೋ ಹಾಗೆ ಎಳೀರಿ ಅತ್ತೆ."

ಅವಳು ಕೆನ್ನೆ ಒಳಕ್ಕೆ ಹೋಗುವಂತೆ ಎಳೆದಳು. ಚೆನ್ನಾಗಿ ಓಡುತ್ತಿದ್ದ ಇಂಜಿನ್ನು ಗಕ್ಕನೆ ಕೆಮ್ಮಿತು, ಮೈಯೆಲ್ಲ ನಡುಗಿ ಇನ್ನೇನು ನಿಲ್ಲುವಂತಾಯಿತು. ಅವಳು ಹೆದರಿ ಬಾಯಿ ಬಿಟ್ಟಳು. ಇಂಜಿನ್ನು ಏನೂ ಆಗದಂತೆ ಮತ್ತೆ ಓಡತೊಡಗಿತು.

"ಅಯ್ಯೋ, ನಾನೇನು ಮಾಡ್ದೆ?"

"ಸಿಕ್ತು ಅತ್ತೆ, ಸಿಕ್ತು. ಇನ್ನೊಂದ್ಸಲ ಎಳೀರಿ."

ಎಳೆದಳು, ಕೆಮ್ಮಿತು. ಬಿಟ್ಟಳು, ಓಡಿತು. ಮತ್ತೆ ಎಳೆದಳು. ಅಳಿಯ ಸಾಕು ಎಂದ ಮೇಲೂ ಒಂದು ಸಲ ಎಳೆದಳು. "ನಾನು ಹೇಳಿದ ಹಾಗೆ ಕೇಳೋದು ಈ ಮನೇಲಿ ಇದೊಂದೇ," ಎಂದು ತುಟಿ ಒರೆಸಿಕೊಂಡಳು.

ಇಂಜಿನ್ನು ನಿಲ್ಲಿಸಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರು. ಡ್ರೈವರಪ್ಪನೂ ಇಳಿದು ಬಂದು ಬಗ್ಗಿದ. ಅತ್ತೆ ಕೊಳವೆ ಎಳೆದಾಗ ತಟ್ಟೆ ನಿಧಾನಕ್ಕೆ ತಿರುಗಿತು. ಅದರ ಮೇಲೆ ಕೂತ ಹೊಸ ಬಿಲ್ಲೆಯೂ ಜೊತೆಗೆ ತಿರುಗಿತು. ಬಿಲ್ಲೆಯಿಂದ ಹೊರಟ ಸಣ್ಣ ವೈರಿಗೆ ಮಾತ್ರ ತಿರುಗಲು ಎಡೆಯಿರಲಿಲ್ಲ. ಬೈತಲೆ ತೆಗೆದಷ್ಟು ನೇರವಾಗಿ ಎಳೆದು, ಹೊರಗೆ ಪಟ್ಟಿ ಹಾಕಿ ಬಿಗಿದಿತ್ತು. ತಟ್ಟೆ ತಿರುಗಿದಾಗಲೆಲ್ಲ ಅದು ಬಟ್ಟೆ ಒಣಹಾಕುವ ತಂತಿಯಂತೆ ಸೆಟೆಯುತ್ತಿತ್ತು. ಅಳಿಯ ಉಗುರಿನಿಂದ ಅದರ ಕೆಂಪು ಸಿಪ್ಪೆ ಬಿಡಿಸಿದ. ಒಳಗಿನ ತಾಮ್ರದ ಎಳೆಗಳೆಲ್ಲ ತುಂಡಾಗಿ, ಕೂದಲಿನಂಥ ಒಂದೇ ಎಳೆ ಹಿಡಿದುಕೊಂಡಿತ್ತು.

ಅಳಿಯ ಆ ಪಟ್ಟಿಯನ್ನೇ ನೋಡುತ್ತಿದ್ದ.

"ಅದನ್ನ ಬಿಗಿದಿದ್ದು ನಾನೇ ಮಾವ. ನೇತಾಡಬಾರದು, ನೀಟಾಗಿ ಕಾಣ್ಲಿ ಅಂತ."

"ಮತ್ತೆ ಕನ್ನಡಕದ ಕೆಲಸದವನು ನೀಟಾಗಿ ಮಾಡದೆ ಇನ್ಯಾರು ಮಾಡ್ತಾರೆ?" ಎಂದ ಡ್ರೈವರಪ್ಪ. "ಮೊದಲನೇ ಸಲ ನನ್ನ ಕೈಗೆ ಬಸ್ಸು ಕೊಟ್ಟಾಗ ಕನ್ನಡಿ ಫಳಫಳ ಅನ್ಲಿ ಅಂತ ಒರೆಸೀ ಒರೆಸೀ ಅದರ ಹಿಡೀನೇ ಮುರಿದುಬಿಟ್ಟಿದ್ದೆ. ಕಂಡಕ್ಟರು ಇಡೀ ದಾರಿ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಹಿಂದೆ ಯಾರು ಬರ್ತಿದಾರೆ ಅಂತ ಕೂಗಿ ಹೇಳ್ಬೇಕಾಯ್ತು."

"ಇದನ್ನ ನನಗೆ ಹೇಳೇ ಇಲ್ಲ," ಎಂದಳು ಹೆಂಡತಿ.

"ಎಲ್ಲಾನೂ ಹೇಳೋಕಾಗುತ್ತಾ?" ಎಂದವನು ಅಳಿಯನ ಕಡೆ ತಿರುಗಿ, "ಹಿಡ್ಕೋ ಇಲ್ಲಿ, ವೈರು ನಾನು ಕತ್ತರಿಸ್ತೀನಿ. ಹೊಸ ತುಂಡು ಉದ್ದಕ್ಕೇ ತಗೋ," ಎಂದ. ಮದುವೆಯಾದಂದಿನಿಂದ ಬನ್ನಿ, ಕೂತ್ಕೊಳ್ಳಿ ಎನ್ನುತ್ತಿದ್ದ ಮಾವ ಹಿಡ್ಕೋ, ತಗೋ ಎಂದದ್ದು ಮಗಳ ಕಿವಿಗೆ ಬಿತ್ತು. ಅವಳು ತಾಯಿಯನ್ನು ಮೊಣಕೈಯಿಂದ ತಿವಿದಳು. ಗಂಡಸರಿಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಬಗ್ಗಿದ್ದರು.

ಹೊಸ ವೈರನ್ನು ಬೆಸೆದು, ಒಳಗೆ ಒಂದು ಸಣ್ಣ ಸುತ್ತು ಸಡಿಲ ಬಿಟ್ಟು, ಮುಚ್ಚಳ ಹಾಕಿದರು. ಅತ್ತೆ ಕರೆಯುವ ಮೊದಲೇ ಕೊಳವೆ ಹಿಡಿದು ನಿಂತಿದ್ದಳು. ಈ ಸಲ ಅವಳು ಎಳೆದಾಗ ಇಂಜಿನ್ನು ಕೆಮ್ಮಲಿಲ್ಲ. ದನಿ ಏರಿಸಿ ಹಾಡುವವರಂತೆ ಮೇಲೆದ್ದಿತು.

ಊಟದ ಹೊತ್ತಿಗೆ ಮುಂಚೆ ನಾಲ್ವರೂ ಕಾರು ಹತ್ತಿದರು. ಏರಿನ ಬುಡದಲ್ಲಿ ಡ್ರೈವರಪ್ಪ ಬಲಕ್ಕೆ ತಿರುಗಿಸಿದ. ಹಿಂದಿನ ಸೀಟಿನಲ್ಲಿ ಅಳಿಯ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟಿದ್ದ. ಅರ್ಧ ಏರಿನಲ್ಲಿ, ಹಿಂದೆ ಜಾರಿದ್ದ ಜಾಗದಲ್ಲಿಯೇ, ಡ್ರೈವರಪ್ಪ ಬ್ರೇಕು ಒತ್ತಿ ಕಾರು ನಿಲ್ಲಿಸಿದ.

"ಯಾಕೆ, ಏನಾಯ್ತು?" ಎಂದಳು ಹೆಂಡತಿ.

"ಏನಿಲ್ಲ." ಕಾಲು ಒತ್ತಿದ. ಕಾರು ಯಾರಿಗೂ ತಿಳಿಯದಂತೆ ಮುಂದೆ ಸರಿಯಿತು. ಸ್ವಲ್ಪ ದೂರ ಹೋಗಿ ಮತ್ತೆ ನಿಲ್ಲಿಸಿದ. ಮತ್ತೆ ಹೊರಟ. ಹಿಂದೆ ಸ್ಕೂಟರಿನವನೊಬ್ಬ ಹಾರನ್ನು ಹೊಡೆದ. ಡ್ರೈವರಪ್ಪ ಮೂರನೆಯ ಸಲ ನಿಲ್ಲಿಸಿದ.

"ಅಪ್ಪಾ, ಸಾಕು," ಎಂದು ಮಗಳು ನಗುತ್ತಾ ಮುಖ ಮುಚ್ಚಿಕೊಂಡಳು.

ಮೇಲೆ ಹಸಿರು ಕಂಬಿಯ ಹಿಂದೆ ಅಕ್ಕ ಎದ್ದು ನಿಂತಿದ್ದಳು. ಕಾರು ನಿಲ್ಲುವುದು ಹೊರಡುವುದು ನಿಲ್ಲುವುದು ನೋಡಿ ಅವಳಿಗೆ ತಡೆಯಲಾಗಲಿಲ್ಲ. "ಬರೋ ಮನಸ್ಸಿದ್ರೆ ಬನ್ನಿ," ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಇಲ್ದಿದ್ರೆ ವಾಪಸ್ ಹೋಗಿ. ನಡುದಾರೀಲಿ ನಿಂತು ಯೋಚನೆ ಮಾಡ್ಬೇಡಿ. ಇನ್ಮೇಲೆ ನಿಮ್ಮ ತಲೆ ಸುದ್ದಿಗೆ ಬರಲ್ಲ."

ಗೇಟಿನ ಮುಂದೆ ಕಾರು ನಿಂತಾಗ ಅವಳು ಕೋಲೂರಿಕೊಂಡು ಕೆಳಗೇ ಬಂದಿದ್ದಳು. ಮುನಿಸಲ್ಲ, ವೈರು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ತಂಗಿಯ ಗಲ್ಲ ಹಿಡಿದು, "ನೀನು ಊದಿ ರಿಪೇರಿ ಮಾಡ್ದೆಯಾ?" ಎಂದಳು.

"ಊದಿದ್ದಲ್ಲ ಅಕ್ಕ, ಎಳೆದಿದ್ದು."

"ಊಟ ಆಮೇಲೆ," ಎಂದು ಅಕ್ಕ ಮುಂದಿನ ಬಾಗಿಲು ತೆಗೆದು ತಂಗಿಯನ್ನು ಇಳಿಸಿ ತಾನು ಕೂತಳು. "ನಾನು ಈ ಏರು ಇಳಿದು ಎಷ್ಟು ಕಾಲವಾಯ್ತು. ಒಂದ್ಸಲ ಇಳಿಸಿ, ಮತ್ತೆ ಹತ್ತಿಸಿ. ಕೆರೆ ಕಾಣೋವರೆಗೆ ಹೋದ್ರೂ ಸರಿ."

ಡ್ರೈವರಪ್ಪ ಬೀಗದ ಕೈಯನ್ನು ಅಳಿಯನ ಅಂಗೈಗೆ ಹಾಕಿದ. "ನೀನೇ ಓಡಿಸು," ಎಂದು ಹಿಂದಿನ ಸೀಟಿಗೆ ಹೋಗಿ, ಹೆಂಡತಿಗೂ ಮಗಳಿಗೂ ನಡುವೆ ಮಂಡಿ ಕೂಡಿಸಿಕೊಂಡು ಕೂತ.

ಕಾರು ಇಳಿಯಿತು, ಕೆರೆಯ ಬದಿಯಲ್ಲಿ ಒಂದು ಸುತ್ತು ಹಾಕಿತು, ತಿರುಗಿ ಏರಿನ ಬುಡಕ್ಕೆ ಬಂತು. ಅಕ್ಕ ಕಿಟಕಿಯಿಂದ ಕೈ ಹೊರಗಿಟ್ಟು ಕಂಡಕಂಡವರನ್ನೆಲ್ಲ ಮಾತಾಡಿಸುತ್ತಿದ್ದಳು. ಅಳಿಯ ಗೇರು ಇಳಿಸಿ ಕಾಲು ಒತ್ತಿದ. ಇಂಜಿನ್ನು ದನಿ ಏರಿಸಿತು. ಹಿಂದಿನ ಸೀಟಿನಲ್ಲಿ ಡ್ರೈವರಪ್ಪ ಕಣ್ಣು ಮುಚ್ಚಿಕೊಂಡಿದ್ದ. ಅವನ ಬಲಗಾಲು ಮಾತ್ರ, ಚಪ್ಪಲಿ ಕಳಚಿ, ಕಾರಿನ ಬರಿಯ ನೆಲವನ್ನು ಮೆಲ್ಲಗೆ, ಬಹಳ ಮೆಲ್ಲಗೆ ಒತ್ತುತ್ತಿತ್ತು.