ಹೆರಿಗೆ ನೋವಿನ ನಡುವೆ ಒಲಿಂಕಾ ಹಾಕಿದ ಓಟು

ಹೆರಿಗೆಗೆಂದು ಒಲಿಂಕಾ ಸಣ್ಣ ವಿಮಾನ ಹತ್ತಿ ಬೆತೆಲ್ ಪಟ್ಟಣಕ್ಕೆ ಬಂದು ತಿಂಗಳಾಗುತ್ತ ಬಂದಿತ್ತು. ಅಲಾಸ್ಕಾದ ಆ ಕಡೆಯ ಹಳ್ಳಿಗಳ ಬಸುರಿಯರೆಲ್ಲ ದಿನ ಹತ್ತಿರವಾದಾಗ ಆಸ್ಪತ್ರೆ ಪಕ್ಕದ ಮನೆಯಲ್ಲಿ ಬಂದು ಕಾಯಬೇಕು. ಈ ಸಲ ಚುನಾವಣೆಯೂ ಅದೇ ಹೊತ್ತಿಗೆ ಬಂತು. ಹಳ್ಳಿಗಳಿಗೆ ನಲ್ಲಿ ಹಾಕಿಸಲು ಹಣ ಕೊಡಬೇಕೋ ಬೇಡವೋ ಎಂದು ಸರ್ಕಾರ ಜನರನ್ನೇ ಕೇಳಿತ್ತು. ಹೊಳೆಯ ಮಂಜುಗಡ್ಡೆ ಒಡೆದು ನೀರು ಹೊತ್ತು ಸಾಕಾಗಿದ್ದ ಒಲಿಂಕಾ ಈ ಓಟು ಬಿಡುವ ಹಾಗಿರಲಿಲ್ಲ.

ಜೊತೆಗಿದ್ದ ಬಸುರಿ ಲುಕೇರಿಯಾಳ ಮಾತು ಕೇಳಿ, ಅಂಚೆಯಲ್ಲಿ ಓಟು ಹಾಕಲು ಮೊದಲೇ ಅರ್ಜಿ ಹಾಕಿದ್ದಳು. ಮಂಜು ಕವಿದು ಅಂಚೆ ತರುವ ವಿಮಾನ ತಡವಾಗಿ, ಮತಪತ್ರ ಕೈಗೆ ಬಂದದ್ದು ಚುನಾವಣೆಯ ದಿನವೇ!

"ಪೋಸ್ಟಲ್ಲಿ ಓಟಂತೆ! ಯಾರಾದ್ರೂ ಒಡೆದು ನೋಡಿದ್ರೆ?" ಬಾಣಂತನಕ್ಕೆಂದು ಜೊತೆಗೆ ಬಂದಿದ್ದ ಅತ್ತೆ ಮಾರ್ಫಾ ಒಣಮೀನು ಜಗಿಯುತ್ತ ನಕ್ಕಳು.

"ಎರಡು ಲಕೋಟೆ ಇದೆ ದೊಡ್ಡಮ್ಮ," ಎಂದಳು ಲುಕೇರಿಯಾ. "ಓಟು ಒಳಗಿನದರಲ್ಲಿ, ಸಹಿ ಹೊರಗಿನದರ ಮೇಲೆ. ಹೋದ ಸಲ ಮೀನಿನ ಕಾರ್ಖಾನೇಲಿದ್ದಾಗ ನಾನು ಹಿಂಗೇ ಹಾಕಿದ್ದು. ಲೆಕ್ಕಕ್ಕೆ ಬಂತಾ ಅಂತ ಆಮೇಲೆ ವಿಚಾರಿಸಿದೆ. ಬಂದಿತ್ತು!"

ಒಲಿಂಕಾ ಗುರುತು ಹಾಕಿ ಲಕೋಟೆ ಮುಚ್ಚಿದಳು. ಸಹಿಗೆ ಪೆನ್ನು ಎತ್ತಿದ್ದೇ ತಡ, "ಅಯ್ಯೋ ಅತ್ತೇ!" ಎಂದು ಹೊಟ್ಟೆ ಹಿಡಿದಳು.

"ಬಿಡೇ ಆ ಕಾಗದ! ಕೊಡಿಲ್ಲಿ, ನಿನ್ನ ಸಹಿ ನಾನೇ ಗೀಚ್ತೀನಿ!"

"ಗೀಚಿದ್ರೆ ಓಟೇ ಹೋಗುತ್ತೆ!" ಲುಕೇರಿಯಾ ಕೈ ಅಡ್ಡ ಹಿಡಿದಳು. "ಅವಳ ಸಹಿ ಅವಳೇ ಹಾಕ್ಬೇಕು, ನಿಮ್ಮ ಕಣ್ಣೆದುರಿಗೆ. ಅದರ ಕೆಳಗೆ ಸಾಕ್ಷಿ ಅಂತ ನೀವು ಹಾಕಿ."

"ನಾನಾ?"

"ಹದಿನೆಂಟು ತುಂಬಿದೆ ತಾನೇ?"

ನೋವಿನಲ್ಲೂ ಒಲಿಂಕಾಗೆ ನಗು ಬಂತು. ನೋವು ಇಳಿಯುವ ತನಕ ಕಾದು, ಸಹಿ ಹಾಕಿ, ಗುರುತಿಗೆಂದು ತನ್ನ ಹುಟ್ಟಿದ ತಾರೀಕು ಬರೆದಳು. ಮಾರ್ಫಾ ದಪ್ಪ ಅಕ್ಷರದಲ್ಲಿ ಸಹಿ ಮಾಡಿದಳು.

"ಅಂಚೆ ಡಬ್ಬಿಗೆ ಹಾಕಬೇಡಿ, ನಾಳಿನ ಮುದ್ರೆ ಬಿದ್ರೆ ಕಷ್ಟ. ಅಂಚೆ ಕಚೇರೀಲೇ ಕೊಟ್ಟು ಇವತ್ತಿನ ಮುದ್ರೆ ಹಾಕಿಸಿ. ಒಲಿಂಕಾನ ನಾನು ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

ಮಾರ್ಫಾ ಟ್ಯಾಕ್ಸಿ ಹಿಡಿದು ಓಡಿದಳು. ಉದ್ದ ಸಾಲಿನಲ್ಲಿ ಕಾದು ಕಾದು, ಕೊನೆಗೆ ಅಂಚೆಯವನ ಮುಂದೆ ನಿಂತು, "ನಾನು ಸಾಕ್ಷಿ. ನೋಡ್ತಾ ಇದ್ದೀನಿ, ಒತ್ತಪ್ಪ!" ಎಂದಳು. ಅವನು ನಗುತ್ತಲೇ ಒತ್ತಿದ.

ಅಲ್ಲಿಂದ ಏದುಸಿರು ಬಿಡುತ್ತ ಆಸ್ಪತ್ರೆಗೆ ಬಂದರೆ, ಒಲಿಂಕಾಳ ಎದೆಯ ಮೇಲೆ ಕೆಂಪು ಕೆಂಪಾದ ಕೂಸು!

"ಅತ್ತೇ, ಮುದ್ರೆ ಬಿತ್ತಾ?"

"ಬಿತ್ತು ಕಣೇ, ಇವತ್ತಿಂದೇ! ನಿಂದು?"

"ಹೆಣ್ಣು. ಇದಕ್ಕೂ ಇವತ್ತಿನ ತಾರೀಕೇ!"

ಮಾರ್ಫಾ ಮೊಮ್ಮಗಳನ್ನು ಎತ್ತಿಕೊಂಡು ಲುಕೇರಿಯಾಳ ಕಡೆ ತಿರುಗಿದಳು. "ಮುಂದಿನ ಚುನಾವಣೆ ಹೊತ್ತಿಗೆ ನಾನು ಮಗಳ ಊರಲ್ಲಿರ್ತೀನಿ. ನನಗೂ ಒಂದು ಅರ್ಜಿ ತರಿಸಿಕೊಡೇ ತಾಯಿ."

ಅಕ್ಕ, ಅಣ್ಣ, ಮತದಾನದ ದಿನ ನೀವೂ ಊರಲ್ಲಿರುವುದಿಲ್ಲವೇ? ಅಲಾಸ್ಕಾದಲ್ಲಿ ಅರ್ಜಿ ಚುನಾವಣೆಗೆ ಹತ್ತು ದಿನ ಮೊದಲೇ ಚುನಾವಣಾ ಕಚೇರಿ ತಲುಪಬೇಕು, ಇವತ್ತೇ ಕಳಿಸಿ. ಸಾಕ್ಷಿಯ ಎದುರಿಗೇ ಸಹಿ ಹಾಕಿ. ಚುನಾವಣೆಯ ದಿನ ಮುಗಿಯುವುದರೊಳಗೆ ಅಂಚೆ ಮುದ್ರೆ ಬೀಳಲಿ. ನೀವು ಎಲ್ಲೇ ಇರಿ, ನಿಮ್ಮ ಓಟು ನಿಮ್ಮೂರಿಗೆ ಸೇರಲಿ!