ಇಂಜಿನ್ ಅಡಿಯ ಎಣ್ಣೆ ಕುಡಿಯುವ ನೀರಿಗೆ ಬೇಡ

ಕಾಂತಪ್ಪನ ಹಾಯಿದೋಣಿಯ ತಳದಲ್ಲಿ ಮತ್ತೆ ಕಪ್ಪು ನೀರು ನಿಂತಿತ್ತು. ದೋಣಿ ಇಟ್ಟವರಿಗೆಲ್ಲ ಗೊತ್ತಿರುವ ಕಾಟವೇ ಇದು. ಇಂಜಿನ್‌ನಿಂದ ಎಣ್ಣೆ ತೊಟ್ಟಿಕ್ಕುತ್ತದೆ. ಅಡಿಯ ತಗಡಿನ ತಟ್ಟೆ ತೂತಾಗಿದ್ದರೆ ಆ ಎಣ್ಣೆ ತಳಕ್ಕಿಳಿದು ಮಳೆನೀರಿಗೆ ಸೇರುತ್ತದೆ.

ಕಾಂತಪ್ಪ ಮಲ್ಪೆ ಕಡೆಯವನು. ಪುಣೆಯಲ್ಲಿ ಹೋಟೆಲಿಟ್ಟು ಹದಿನೆಂಟು ವರ್ಷವಾಗಿತ್ತು. ಊರೇನೋ ಬಿಟ್ಟ, ಕಡಲನ್ನು ಬಿಡಲಾಗಲಿಲ್ಲ ಪುಣ್ಯಾತ್ಮನಿಗೆ! ದೋಸೆ ಕಾವಲಿಯ ಮುಂದೆ ನಿಂತರೂ ಕಿವಿಯಲ್ಲಿ ಅಲೆಯ ಸದ್ದು. ಅದಕ್ಕೇ ೨೦೦೩ರಲ್ಲಿ ಹಳೇ ಹಾಯಿದೋಣಿಯೊಂದನ್ನು ಕೊಂಡು ಪುಣೆ ಪಕ್ಕದ ಖಡಕವಾಸಲಾ ಜಲಾಶಯದಲ್ಲಿಟ್ಟ. ಗಾಳಿ ಬಿದ್ದಾಗ ದಡ ಸೇರಲು ಅದಕ್ಕೊಂದು ಪುಟ್ಟ ಡೀಸೆಲ್ ಇಂಜಿನ್. ಮಳೆಗಾಲದಲ್ಲಿ ಪಡುವಣ ಗಾಳಿ ಘಟ್ಟ ಹತ್ತಿ ಬಂದರೆ ಸಾಕು, "ನಮ್ಮೂರಿನಿಂದ ಬಂದ ಗಾಳಿ ಮಾರಾಯ್ತಿ" ಎಂದು ಹೆಂಡತಿ ಅಕ್ಕುವಿನ ಮುಂದೆ ಹಿಗ್ಗುತ್ತಿದ್ದ. ವರ್ಷವಿಡೀ ಅವನು ಜೀವ ಹಿಡಿದು ಕಾಯುತ್ತಿದ್ದುದು ಆ ಆರೇಳು ಭಾನುವಾರಗಳಿಗೆ.

ಆ ಭಾನುವಾರ ಗೆಳೆಯ ಬಸವಲಿಂಗನೂ ಬಂದಿದ್ದ. ಅವನು ಚಾಕಣದ ಕಾರ್ಖಾನೆಯಲ್ಲಿ ಇಂಜಿನ್ ಮೆಕ್ಯಾನಿಕ್. ಹೊರಗೆ ಚೆಲ್ಲುವ ಮೊದಲು ಕಾಂತಪ್ಪ ಕಪ್ಪು ನೀರಿಗೆ ಒಂದು ಹಿಡಿ ಸೋಪಿನ ಪುಡಿ ಹಾಕಿ ಕಲಕಿದ.

"ಸೋಪು ಯಾಕ್ರಿ?" ಬಸವಲಿಂಗ ಕೇಳಿದ.

"ಎಣ್ಣೆಯ ಬಣ್ಣ ತೇಲುವುದಿಲ್ಲ ಮಾರಾಯ. ಯಾರಿಗೂ ಕಾಣುವುದಿಲ್ಲ."

"ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡದಂಗಾತಲ್ರಿ! ಎಣ್ಣಿ ಎಲ್ಲೂ ಹೋಗೂದಿಲ್ಲ. ಸಣ್ಣ ಸಣ್ಣ ಹನಿ ಆಗಿ ನೀರಾಗ ಬೆರೀತದ. ಆಮ್ಯಾಲೆ ತಗ್ಯಾಕೂ ಬರೂದಿಲ್ಲ."

"ನನ್ನ ಅಪ್ಪ ಜೀವಮಾನ ಪೂರ್ತಿ ಕಡಲಿಗೇ ಚೆಲ್ಲಿದ್ದು. ಎಂತ ಆಯ್ತು?"

"ಕಡಲಿಗೂ ಚೆಲ್ಲಬಾರದ್ರಿ. ಇದಂತೂ ಪುಣೆ ಮಂದಿ ಕುಡಿಯೋ ನೀರು."

"ಇಷ್ಟು ದೊಡ್ಡ ನೀರಿಗೆ ಒಂದು ಲೋಟ ಎಣ್ಣೆ ಯಾವ ಲೆಕ್ಕ?" ಎನ್ನುತ್ತ ಕಾಂತಪ್ಪ ತಳದ ನೀರನ್ನು ಹೊರಹಾಕುವ ಪಂಪು ಒತ್ತಿಯೇಬಿಟ್ಟ.

ಅಷ್ಟರಲ್ಲಿ ಅಕ್ಕು ದೋಣಿ ಹತ್ತಲು ಬಂದಳು. ಹತ್ತುವ ಮೊದಲು ನೀರನ್ನು ಹಣೆಗೊತ್ತಿಕೊಳ್ಳುವುದು ಅವಳ ತವರಿನ ಪದ್ಧತಿ. ಇಲ್ಲಿ ಸಿಹಿನೀರಾದ್ದರಿಂದ ಒಂದು ಗುಟುಕು ಕುಡಿಯುತ್ತಲೂ ಇದ್ದಳು. ಬೊಗಸೆ ಬಾಯಿಯ ಹತ್ತಿರ ಬಂತು, ಅಲ್ಲೇ ನಿಂತಿತು. ಡೀಸೆಲ್ ವಾಸನೆ!

"ಕಡಲಿಗೆ ಕೈಮುಗಿದು ದೋಣಿ ಹತ್ತಿದವರು ನಾವು. ಇದು ಕಡಲು ಅಲ್ಲ ಅಂತ ಹೀಗೆ ಮಾಡಿದ್ದಾ?" ಎಂದಳು.

ಕಾಂತಪ್ಪನ ಕೈ ಪಂಪಿನ ಮೇಲೇ ನಿಂತುಹೋಯಿತು. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

"ಈಗೇನು ಮಾಡುವುದು, ಹೇಳು," ಎಂದ ಗೆಳೆಯನಿಗೆ.

"ಉಳಿದ ನೀರು ಡಬ್ಬಿಗೆ ತುಂಬ್ರಿ. ಎಣ್ಣಿ ಎಲ್ಲಿ ಸೋರ್ತದ ನೋಡಿ ಮೊದಲು ಅದನ್ನ ನಿಲ್ಲಸೋಣ. ಇಂಜಿನ್ ಅಡಿಗೆ ಹೊಸ ತಟ್ಟಿ, ಅಂಚು ಎತ್ತರ ಇರಲಿ. ತಟ್ಟಿಯಿಂದ ದೋಣಿ ತಳಕ್ಕ ಒಂದು ತೂತೂ ಇರಬಾರದು. ಒಂದು ನಳ ಕೂಡಸ್ತೀನಿ, ತಿರುವಿದ್ರ ಡಬ್ಬಿಗೇ ಬೀಳ್ತದ. ಆದ್ರ ದೋಣಿ ದಡಕ್ಕ ಏರಸಬೇಕ್ರಿ, ಒಂದ್ ತಿಂಗಳು."

ಒಂದು ತಿಂಗಳೆಂದರೆ ಗಾಳಿಯ ಕಾಲವೇ ಮುಗಿದಂತೆ. ಕಾಂತಪ್ಪ ನೀರಿನ ಕಡೆ ನೋಡಿದ. ಬೇರೆಯವರ ಹಾಯಿಗಳು ಆಗಲೇ ಉಬ್ಬಿ ನಿಂತಿದ್ದವು.

"ಏರಿಸುವ," ಎಂದ.

ನಾಲ್ಕು ಭಾನುವಾರ ಅವನು ದಡದ ಕಲ್ಲಿನ ಮೇಲೆ ಕೂತು ಊರ ಗಾಳಿ ಹಾಗೇ ದಾಟಿ ಹೋಗುವುದನ್ನು ನೋಡಿದ. ಐದನೇ ಭಾನುವಾರ ದೋಣಿ ನೀರಿಗಿಳಿಯಿತು. ತಳ ಮುಚ್ಚಿದ ಹಲಗೆ ಎತ್ತಿ ನೋಡಿದ. ತಟ್ಟೆ ಒಣಗಿತ್ತು, ತಳದಲ್ಲಿ ತಿಳಿ ಮಳೆನೀರು.

"ಗಾಳಿಯೇ ಇಲ್ಲವಲ್ಲ?" ಅಂದಳು ಅಕ್ಕು.

"ಇಲ್ಲ. ಕೂತುಕೋ. ಸುಮ್ಮನೆ ತೇಲುವ."

ದೋಣಿಯಿರುವ ಅಣ್ಣಂದಿರೇ, ಅಕ್ಕಂದಿರೇ, ಪಂಪು ಒತ್ತುವ ಮೊದಲು ಹಲಗೆ ಎತ್ತಿ ಕಣ್ಣಾರೆ ನೋಡಿ. ಇಂಜಿನ್ ಅಡಿಗೆ ತೂತಿಲ್ಲದ ತಟ್ಟೆ ಇರಲಿ. ಎಣ್ಣೆಯನ್ನು ಸೋಪು ಹಾಕಿ ಮರೆಮಾಚಬೇಡಿ. ಡಬ್ಬಿಗೆ ತುಂಬಿ, ಹಳೇ ಎಣ್ಣೆ ಪಡೆಯುವವರಿಗೆ ಕೊಡಿ, ಗಟಾರಕ್ಕೂ ಸುರಿಯಬೇಡಿ. ನೀವೂ ಗಾಳಿಗಾಗಿ ಕಾದಿರಬಹುದು, ನಮಗದು ಗೊತ್ತು. ಆದರೂ ರಿಪೇರಿ ಮುಗಿಯುವ ತನಕ ದೋಣಿ ದಡದಲ್ಲೇ ಇರಲಿ. ಆ ನೀರಿಗಾಗಿ ಮನೆಮನೆಯ ನಳದ ಕೆಳಗೆ ಕೊಡಗಳು ಕಾಯುತ್ತಿವೆ.